ಉಪ್ಪಿಗೆ ರೇಷ್ಮೆ

ಜಯಣ್ಣ ಪೇಟೆಯಿಂದ ಬರುವಷ್ಟರಲ್ಲಿ ಬೊಮ್ಮಕ್ಕ ಅವನ ಉಪ್ಪಿನ ಪಟ್ಟಕವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತೊಳೆದಿಟ್ಟ ಲಾಟೀನಿನ ಗಾಜಿನ ಪಕ್ಕ ಒಣಗಲು ಇಟ್ಟಿದ್ದಳು.

"ಧೂಳು ಕುಂತಿತ್ತು ತಮ್ಮಾ, ಚೊಕ್ಕ ಮಾಡೀನಿ."

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಬೇಸಿಗೆ ಅದು. ಮಡಕಶಿರೆಯ ಜಯಣ್ಣ ಮದರಾಸಿನ ಕಾಲೇಜೊಂದರಲ್ಲಿ ಸಂಶೋಧನೆ ಮಾಡುತ್ತಿದ್ದ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳೂ ಇರುತ್ತವೆ; ಗಾಳಿಯಲ್ಲಿ ಚಿಟಿಕೆಯಷ್ಟೇ ಇರುವ ಓಜೋನ್ ಅವುಗಳಲ್ಲಿ ಕೆಲವನ್ನು ನುಂಗುತ್ತದೆ. ಎಷ್ಟು ನುಂಗಿತೆಂದು ಅಳೆದರೆ ಓಜೋನ್ ಎಷ್ಟಿದೆಯೆಂದು ತಿಳಿಯುತ್ತದೆ. ಗಾಜು ಆ ಕಿರಣಗಳನ್ನು ಬಿಡುವುದಿಲ್ಲ, ಅವನ್ನು ಹರಡಿ ನೋಡಲು ಉಪ್ಪಿನ ಹರಳಿನ ಪಟ್ಟಕವೇ ಬೇಕು. ಮದರಾಸಿನ ಕಡಲ ಗಾಳಿಗೆ ಉಪ್ಪು ಬೆವರುತ್ತದೆಂದೇ ಅವನು ಒಣಹವೆಯ ರಾಯದುರ್ಗಕ್ಕೆ ಬಂದು, ಕೋಟೆಗುಡ್ಡದ ಕೆಳಗೆ ಬೊಮ್ಮಕ್ಕನ ಮನೆಯಲ್ಲಿ ಇಳಿದಿದ್ದ. ನಡುಹಗಲಿನ ಅಳತೆಗಳು ಸಿಕ್ಕಿದ್ದವು. ಸೂರ್ಯ ಇನ್ನೂ ಕೆಳಗಿರುವಾಗಿನ ಬೆಳಗಿನ ಅಳತೆಯೊಂದು ಬಾಕಿ. ಓರೆಬಿಸಿಲು ಹೆಚ್ಚು ಗಾಳಿ ದಾಟಿ ಬರುವುದರಿಂದ ಓಜೋನ್ ಹೆಚ್ಚು ನುಂಗುತ್ತದೆ; ಅದರೊಡನೆ ಹೋಲಿಸದೆ ಉಳಿದವು ಯಾವುದಕ್ಕೂ ಬಾರವು. ನಾಳೆಯ ರೈಲಿಗೆ ಉಪಕರಣ ಹಿಂದಿರುಗಲೇಬೇಕು.

ಪಟ್ಟಕವನ್ನು ಬೆಳಕಿಗೆ ಹಿಡಿದ. ಒಂದು ಮುಖ ಮಂಜು ಕವಿದಂತೆ ಮಬ್ಬಾಗಿತ್ತು. ಆಕೆಯನ್ನು ಬೈಯುವಂತಿರಲಿಲ್ಲ. ಪಟ್ಟಕದ ಡಬ್ಬಿಗೆ ಮುಚ್ಚಳ ಹಾಕದೆ ಹೋದವನು ಅವನೇ. ಉರಿಬಿಸಿಲಲ್ಲಿ ದಿನವೂ ಅವನಿಗೆ ಮಜ್ಜಿಗೆ ಹೊತ್ತು ಗುಡ್ಡ ಹತ್ತಿದವಳು ಆಕೆ.

"ಯಾಕ ಹಂಗ ನೋಡ್ತಿ? ಕೆಡಿಸಿದೆನೇನು?"

"ಅದು ಉಪ್ಪು ಕಣಕ್ಕ, ನೀರಿಗೆ ಮಬ್ಬಾಗೈತೆ. ರೇಷ್ಮೆ ಬಟ್ಟೆ ಸಿಕ್ಕಿದ್ರೆ ತಿಕ್ಕಿ ಹೊಳಪು ಬರಿಸ್ಬೋದು."

ಬೊಮ್ಮಕ್ಕ ಒಳಗೆ ಹೋದಳು. ಕತ್ತರಿಯ ಸದ್ದು ಕೇಳಿಸಿತು. ಹೊರಗೆ ಬಂದಾಗ ಆಕೆಯ ಕೈಯಲ್ಲಿ ಹಬ್ಬದ ಕುಪ್ಪಸದ ತೋಳೊಂದಿತ್ತು.

"ಅಯ್ಯೋ, ಕತ್ತರಿಸಿಬಿಟ್ಟ್ಯಾ?"

"ಆ ತೋಳು ಬಿಗೀತಿತ್ತು ಬಿಡು."

ಜಯಣ್ಣ ರೇಷ್ಮೆಗೆ ಉಪ್ಪು ಕರಗಿಸದ ಸ್ಪಿರಿಟ್ ಚಿಮುಕಿಸಿ, ಹೊಳಪು ಬರಿಸುವ ಕೆಂಪು ಪುಡಿ ಉದುರಿಸಿ, ಸಂಜೆಯವರೆಗೂ ತಿಕ್ಕಿದ. ಕುರಿ ಹೊಡೆದುಕೊಂಡು ಬಂದ ಪಕ್ಕದ ಮನೆಯ ಜುಂಜಣ್ಣ ನಿಂತು ನೋಡಿದ.

"ಏನ್ರೀ ಸಾರ್, ಉಪ್ಪಿಗೆ ರೇಷ್ಮೆ ಉಡಿಸ್ತೀರಿ? ನಮ್ಮ ಕುರಿಗಳಿಗೆ ಕೊಡ್ರಿ, ನೆಕ್ಕಿ ನುಣ್ಣಗ ಮಾಡ್ತಾವ!"

"ಮೊದ್ಲು ಅವನ್ನ ಆಚಿಗೆ ಹೊಡಿ!" ಎಂದು ಬೊಮ್ಮಕ್ಕ ಬಾಗಿಲಿಗೆ ಅಡ್ಡ ನಿಂತಳು.

ಬೆಳಿಗ್ಗೆ ಗುಡ್ಡದ ಬಂಡೆಯ ಮೇಲೆ ಕನ್ನಡಿ ಎಳೆಬಿಸಿಲನ್ನು ಉಪಕರಣದೊಳಗೆ ತಿರುಗಿಸಿತು. ಪಟ್ಟಕದ ಮೂಲೆಯಲ್ಲಿ ಉಳಿದ ಮಬ್ಬನ್ನು ಜಯಣ್ಣ ಕಪ್ಪು ಕಾಗದದಿಂದ ಮರೆಮಾಡಿದ್ದ. ಅದರಿಂದ ಎಲ್ಲ ಕಿರಣಗಳೂ ಒಂದೇ ಸಮ ತಗ್ಗುತ್ತವೆ; ಪಕ್ಕದ ಕಿರಣಗಳೊಡನೆ ಹೋಲಿಸುವ ಅಳತೆಗೆ ಅಡ್ಡಿಯಲ್ಲ. ಪಟ್ಟಕವನ್ನು ಮೆಲ್ಲಗೆ ತಿರುಗಿಸಿದ. ಓಜೋನ್ ನುಂಗುವ ಕಿರಣಗಳ ಜಾಗ ಬಂದಾಗ, ಕಿರಣದ ಬಲ ತೋರಿಸುವ ಮಾಪಕದ ಮೇಲಿನ ಬೆಳಕಿನ ಚುಕ್ಕೆ ನಡುಹಗಲಿಗಿಂತ ಆಳಕ್ಕೆ ಇಳಿಯಿತು, ದಾಟಿದ ಮೇಲೆ ಮತ್ತೆ ಏರಿತು.

"ಸಿಕ್ತೇನು?" ಉಪಕರಣಕ್ಕೆ ಮೈಬಿಸಿ ತಾಗದಿರಲೆಂದು ದೂರ ನಿಂತಿದ್ದ ಬೊಮ್ಮಕ್ಕ ಕೂಗಿದಳು.

"ಸಿಕ್ತು ಕಣಕ್ಕ!"

ಆಕೆ ಹತ್ತಿರ ಬಂದು ಮಜ್ಜಿಗೆಯ ಚೊಂಬನ್ನು ಬಂಡೆಯ ಮೇಲಿಟ್ಟಳು. "ಉಪ್ಪು ನೀನ ಹಾಕ್ಕೊ ತಮ್ಮಾ. ನಾ ಇನ್ನ ನಿನ್ನ ಉಪ್ಪಿನ ತಂಟೆಗೆ ಬರಂಗಿಲ್ಲ."