ಕೆಂಪಕ್ಕನ ಸೊಟ್ಟ ಚೌಕಗಳು

ಟೈಲ್ಸ್ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕೆಂಪಕ್ಕ ಅನ್ನುತ್ತಿದ್ದರು. ಮೈಬಣ್ಣ ನೋಡಿ ಇಟ್ಟ ಹೆಸರಲ್ಲ, ಕೈಯಲ್ಲಿದ್ದ ಕೆಂಪು ಪೆನ್ಸಿಲ್ ನೋಡಿ ಇಟ್ಟದ್ದು. ಯಂತ್ರದಿಂದ ಬರುವ ಟೈಲ್ಸ್ ಮೇಲೆ ಚಿತ್ತಾರದ ಗೆರೆ ಕೂದಲೆಳೆಯಷ್ಟು ಸರಿದಿದ್ದರೂ ಸಾಕು, ಗೀರ್ ಅಂತ ಕೆಂಪು ಗುರುತು ಹೊಡೆದು ಪಕ್ಕಕ್ಕೆ ತಳ್ಳುವುದು ಅವಳ ಕೆಲಸ. ಹನ್ನೊಂದು ವರ್ಷ ಅದೊಂದನ್ನೇ ಮಾಡಿದ್ದಳು ಮಹಾತಾಯಿ. ಅದಕ್ಕೂ ಮುಂಚೆ ಇದೇ ಕಾರ್ಖಾನೆಯಲ್ಲಿ ಕುಂಚ ಹಿಡಿದು ಟೈಲ್ಸ್ ಮೇಲೆ ಬಳ್ಳಿ, ಬಲೆ, ಅಲೆ ಎಲ್ಲ ಬರೆಯುತ್ತಿದ್ದವಳು ಅಂತ ಹೇಳಿದರೆ ಈಗಿನವರು ನಂಬುತ್ತಿರಲಿಲ್ಲ. ಯಂತ್ರ ಬಂದ ದಿನ ಮೇಸ್ತ್ರಿ ಪೆನ್ಸಿಲ್ ಕೊಟ್ಟು, "ನಿಮ್ಮ ಕಣ್ಣು ಚುರುಕು ಅಕ್ಕ, ಇನ್ನು ಕೈಗೆ ರೆಸ್ಟ್ ಕೊಡಿ" ಅಂದಿದ್ದ. ರೆಸ್ಟಂತೆ ರೆಸ್ಟ್!

ಹೀಗಿರುವಾಗ ಹೊಸದಾಗಿ ಕಟ್ಟುತ್ತಿದ್ದ ಗ್ರಂಥಾಲಯದವರು ಗೋಡೆಗೆ ಇನ್ನೂರು ಟೈಲ್ಸ್ ಬೇಕು, ಕೈಯಲ್ಲೇ ಬರೆದಿರಬೇಕು ಅಂತ ಕೇಳಿಕೊಂಡು ಬಂದರು. ಮೇಸ್ತ್ರಿ ಹೊರಗಿನಿಂದ ಯಾರನ್ನಾದರೂ ಕರೆಸುವ ಯೋಚನೆಯಲ್ಲಿದ್ದ. ಕೆಂಪಕ್ಕ ಊಟದ ಡಬ್ಬಿ ಮುಚ್ಚಿ ಎದ್ದು ಅವನ ಹತ್ತಿರ ಹೋದಳು. "ನಾನು ಬರೀತೀನಿ" ಅಂದಳು.

ಮೇಸ್ತ್ರಿ ಜೇಬಿನಲ್ಲಿದ್ದ ಉಕ್ಕಿನ ಸ್ಕೇಲ್ ತೆಗೆದು ಬೆನ್ನು ಕೆರೆದುಕೊಂಡ. "ಕುಂಚ ಮುಟ್ಟಿ ಎಷ್ಟು ಕಾಲ ಆಯ್ತಕ್ಕ? ಹೋಗ್ಲಿ, ಎರಡು ತಿಂಗಳು ಟೈಮಿದೆ. ಬರೆದು ತಂದು ತೋರಿಸಿ. ಆಗ್ಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಬಾರದು."

ಅವತ್ತೇ ಒಂದು ದಪ್ಪ ಡ್ರಾಯಿಂಗ್ ಪುಸ್ತಕ ತಂದಳು. ದಿನಕ್ಕೊಂದು ಪುಟ, ಪುಟಕ್ಕೆ ನಾಲ್ಕು ಚೌಕ, ಚೌಕಕ್ಕೊಂದು ಚಿತ್ತಾರ. ಒಂದರಲ್ಲಿ ಬಲೆ, ಇನ್ನೊಂದರಲ್ಲಿ ಅಲೆ, ಮತ್ತೊಂದರ ತುಂಬ ಬೀಜ. ಪೆನ್ನಲ್ಲೇ ಬರೆಯಬೇಕು, ರಬ್ಬರ್ ಮುಟ್ಟಬಾರದು ಅಂತ ತಾನೇ ಕಟ್ಟುಪಾಡು ಹಾಕಿಕೊಂಡಳು. ಹುಮ್ಮಸ್ಸೇನೋ ಬೆಟ್ಟದಷ್ಟಿತ್ತು. ಕೈ ಮಾತ್ರ ಮರದ ಸೌಟಿನ ಹಾಗೆ ಬಗ್ಗಲೇ ಒಲ್ಲದು. ಆದರೂ ದಿನಾ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಹಟ ಹಿಡಿದು ಕೂರುತ್ತಿದ್ದಳು.

ಮೂರು ವಾರ ಆದ ಮೇಲೆ ಗಂಡ ಆ ಪುಸ್ತಕ ತಿರುವಿ ಹಾಕಿದ. ಅವನು ಟೈಲರ್, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ. "ಇದೇನೇ ಇದು? ಎಲ್ಲದಕ್ಕೂ ಕೆಂಪು ಹೊಡೆದವರ್ಯಾರು?"

ಕೆಂಪಕ್ಕ ಬಂದು ನೋಡಿದಳು. ಇಪ್ಪತ್ತೊಂದು ಪುಟ, ಎಂಬತ್ನಾಲ್ಕು ಚೌಕ. ಒಂದನ್ನೂ ಬಿಡದೆ ಕೆಂಪು ಗುರುತು! ಒಂದೊಂದು ಚೌಕ ಮುಗಿದ ಕೂಡಲೇ ಅವಳ ಕೈ ಅಭ್ಯಾಸಬಲದಿಂದ ಮುಡಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ಎಳೆದುಕೊಂಡು ಹೊಡೆದುಬಿಟ್ಟಿತ್ತು. ಹೊಡೆದದ್ದು ಅವಳಿಗೇ ಗೊತ್ತಾಗಿರಲಿಲ್ಲ.

"ನಾನೇ ಕಣ್ರೀ" ಅಂದಳು ಸಣ್ಣ ದನಿಯಲ್ಲಿ.

"ನಾನು ಹೊಲಿದಿದ್ದಕ್ಕೆಲ್ಲ ನಾನೇ ಕತ್ತರಿ ಹಾಕ್ತಾ ಕೂತಿದ್ರೆ ಅರ್ಧ ಬೀದಿ ಬರಿಮೈಯಲ್ಲಿ ಓಡಾಡ್ತಿತ್ತು" ಅಂದ ಅವನು. ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅವತ್ತು ಅಳು ಬಂತು, ಅಳುವಿನ ಹಿಂದೆಯೇ ರೇಗಿತು. ಮೇಸ್ತ್ರಿ ಕಿತ್ತುಕೊಂಡದ್ದು ಬರೀ ಕುಂಚ. ಉಳಿದದ್ದನ್ನೆಲ್ಲ ತನ್ನ ಕೈಯಾರೆ ತಾನೇ ಹಾಳು ಮಾಡುತ್ತಿದ್ದಳಲ್ಲ!

ಮಾರನೇ ದಿನದಿಂದ ಪೆನ್ಸಿಲ್ಲನ್ನು ಕಾರ್ಖಾನೆಯಲ್ಲೇ ಬಿಟ್ಟು ಬರತೊಡಗಿದಳು. ಆದರೆ ಕಣ್ಣನ್ನು ಬಿಟ್ಟು ಬರೋಕಾಗುತ್ತದೆಯೇ? ಮನೆಯಲ್ಲಿ ಕೂತರೆ ಎರಡನೇ ಗೆರೆಗೇ ಕಣ್ಣು ತಪ್ಪು ಹಿಡಿಯುತ್ತಿತ್ತು, ಕೈ ನಿಂತುಬಿಡುತ್ತಿತ್ತು. ಕೊನೆಗೆ ಏನಾದರಾಗಲಿ ಅಂತ ಪುಸ್ತಕವನ್ನು ಕಾರ್ಖಾನೆಯ ಬಸ್ಸಿನಲ್ಲೇ ತೆಗೆದಳು. ದಾರಿಯೆಲ್ಲ ಅಗೆದು ಹಾಕಿದ್ದರು. ಬಸ್ಸು ಹಾರಿದಾಗೆಲ್ಲ ಪೆನ್ನೂ ಹಾರಿತು. ಕಣ್ಣಿಗೆ ಹಬ್ಬವೋ ಹಬ್ಬ, ಇದು ತಪ್ಪು, ಅದು ತಪ್ಪು, ಅಗೋ ಅಲ್ಲಿ ಇನ್ನೊಂದು! ಎಷ್ಟು ಅಂತ ಹಿಡಿಯುತ್ತೆ ಪಾಪ? ನಾಲ್ಕನೇ ದಿನಕ್ಕೆ ಸುಸ್ತಾಗಿ ಸುಮ್ಮನಾಯಿತು.

"ಕೆಂಪಕ್ಕ ಭೂಕಂಪ ಅಳೀತಿದ್ದಾರೆ ಕಣ್ರೋ" ಅಂತ ಹಿಂದಿನ ಸೀಟಿನವರು ಕಿಚಾಯಿಸಿದರು. ಡ್ರೈವರ್‌ಗೆ ಮಾತ್ರ ಕನಿಕರ. "ಅಕ್ಕಾ, ಗುಂಡಿ ತಪ್ಪಿಸಿ ಓಡಿಸ್ಲಾ?"

"ತಪ್ಪಿಸಿದ್ರೆ ನೋಡು ಮತ್ತೆ!"

ಐದನೇ ವಾರಕ್ಕೆ ಕೈ ಸಡಿಲವಾಯಿತು. ಅಲೆಯೊಂದು ಕುಪ್ಪಳಿಸಿದರೆ ಪಕ್ಕದ್ದನ್ನೂ ಅದರ ಜೊತೆ ಏಳಿಸಿದಳು. ಬಲೆ ಉಬ್ಬಿದರೆ ಒಳಗೊಂದು ಮೀನು ಇಟ್ಟಳು. ಖುಷಿಯಾಯಿತು ಅವಳಿಗೆ, ಯಾರಿಗೂ ಹೇಳದಷ್ಟು ಖುಷಿ. ಇಳಿಯುವ ಜಾಗ ಬಂದಾಗ, ಅಯ್ಯೋ ಇಷ್ಟು ಬೇಗ ಬಂತಾ ಅನ್ನಿಸುತ್ತಿತ್ತು.

ಗಡುವಿನ ದಿನ ಮೇಸ್ತ್ರಿ ಪುಸ್ತಕ ತೆರೆದು ನೋಡಿ ಹುಬ್ಬೇರಿಸಿದ. "ಏನಕ್ಕ, ಕುಡಿದು ಬರೆದ್ರಾ?"

"ಬಸ್ಸಲ್ಲಿ ಬರೆದೆ."

ಅವನು ಚೌಕದ ಮೇಲೆ ಸ್ಕೇಲ್ ಇಟ್ಟ. "ಇಲ್ಲಿ ಎರಡು ಮಿಲಿಮೀಟರ್ ಸರಿದಿದೆ. ಇಲ್ಲಿ ಮೂರು. ಇದು ನಿಮ್ಮ ಮೇಜಿಗೆ ಬಂದಿದ್ರೆ ನೀವೇ ಕೆಂಪು ಹೊಡೀತಿದ್ರಿ."

"ಹೊಡೀತಿದ್ದೆ. ಹನ್ನೊಂದು ವರ್ಷ ಹೊಡೆದಾಯ್ತು, ಸಾಕು."

"ಇನ್ನೊಂದು ವಾರ ಕೊಡ್ತೀನಿ. ಸ್ಕೇಲ್ ಇಟ್ಕೊಂಡು ನೀಟಾಗಿ ಬರ್ಕೊಂಡು ಬನ್ನಿ. ಕೆಲಸ ನಿಮಗೇ."

ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ. ಕೆಲಸ ಕೈಗೆ ಬಂದು ಕೂತಿತ್ತು. ಆದರೆ ಸ್ಕೇಲ್ ಹಿಡಿದರೆ ಮತ್ತೆ ಆ ಹಾಳು ಕಣ್ಣೇ ಯಜಮಾನ.

"ಬರೆಯಲ್ಲ" ಅಂದಳು. "ನೇರ ಗೆರೆಗೆ ನಿಮ್ಮ ಯಂತ್ರ ಇದೆಯಲ್ಲ? ಅವರು ಕೇಳಿದ್ದು ಕೈ. ನನ್ನ ಕೈ ಹೀಗೇ."

ಅವನ ಉತ್ತರಕ್ಕೂ ಕಾಯದೆ ಮೂಲೆಯ ಹಳೇ ಬೆಂಚಿನ ಹತ್ತಿರ ಹೋದಳು. ಅದರ ಮೇಲೆ ಪೇರಿಸಿದ್ದ ಖಾಲಿ ಪೆಟ್ಟಿಗೆಗಳನ್ನು ಧಡಧಡ ಕೆಳಗಿಳಿಸಿ, ಬಿಳಿ ಟೈಲ್ ಒಂದನ್ನು ಎಳೆದುಕೊಂಡು, ನೀಲಿ ಬಣ್ಣ ಕಲಸಿ ಕೂತಳು. ಯಂತ್ರದ ಹತ್ತಿರ ಇದ್ದವರೆಲ್ಲ ಕತ್ತೆತ್ತಿ ನೋಡಿದರು.

"ನಾನಿನ್ನೂ ಹೂಂ ಅಂದಿಲ್ಲ!" ಮೇಸ್ತ್ರಿ ಹಿಂದೆಯೇ ಬಂದ.

"ನಾನಿನ್ನೂ ಕೇಳಿಲ್ಲ."

ಮೊದಲ ಗೆರೆ ಎಳೆದಳು, ಎರಡನೆಯದೂ ಬಂತು. ಮೂರನೆಯದು ಅಂಚಿಗೆ ಹೋಗುವಷ್ಟರಲ್ಲಿ ತುಸು ಜಾರಿತು. ಮೇಸ್ತ್ರಿ ಲೊಚಗುಟ್ಟಿದ. ಅವಳ ಕಣ್ಣಿಗೂ ಕಂಡಿತು, ಕಾಣದೇ ಏನು. ಕೈ ನಿಲ್ಲಲಿಲ್ಲ. ಅವಳು ನಾಲ್ಕನೆಯದನ್ನು ಎಳೆದಳು.