ಮುಚ್ಚಿದರೆ ಯಾರು ಕೂಗುತ್ತಾರೆ

ಬಾಗಿಲು ತೆಗೆದ ಅಕ್ಕ ತುಟಿಯ ಮೇಲೆ ಬೆರಳಿಟ್ಟು ತಮ್ಮನನ್ನು ಒಳಗೆ ಎಳೆದುಕೊಂಡಳು. ತನ್ನ ಮನೆಯಲ್ಲಿ ತಾನೇ ಪಿಸುಗುಟ್ಟಬೇಕಾದ ಪಾಡು ಶತ್ರುವಿಗೂ ಬೇಡ. ಗಂಡನ ಹೊಡೆತ ತಾಳಲಾರದೆ, ಏಳು ವರ್ಷದ ಮಗಳನ್ನು ಕರೆದುಕೊಂಡು ಅವಳು ಈ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ಮೂರು ವಾರವಾಗಿತ್ತು.

"ಮೊನ್ನೆ ಕೋರ್ಟಲ್ಲಿ ಅವರ ವಕೀಲ ನನ್ನ ಮಾತನ್ನ ಅಕ್ಷರ ಬಿಡದೆ ಹೇಳ್ದ ಕಣೋ. ಮಗು ಕರ್ಕೊಂಡು ಯಾರಿಗೂ ಸಿಗದ ಹಾಗೆ ಹೊರಟೋಗ್ತೀನಿ ಅಂದಿದ್ದೆನಲ್ಲ, ಅದನ್ನ. ನಾನು ಹಾಗಂದಿದ್ದು ಇದೇ ಕೋಣೇಲಿ, ಫೋನಲ್ಲಿ, ನಿನ್ನ ಹತ್ರ. ನೀನೇನಾದ್ರೂ ಯಾರಿಗಾದ್ರೂ..."

"ನಿಂಗೇನು ಹುಚ್ಚಾ ಅಕ್ಕಾ? ನಾನ್ಯಾಕೆ ಹೇಳ್ಲಿ?"

"ಸೋಮವಾರ ಮಗು ಯಾರ ಹತ್ರ ಇರಬೇಕು ಅಂತ ತೀರ್ಮಾನ ಆಗುತ್ತೆ. ಇಂಥದ್ದು ಇನ್ನೊಂದು ಅವರ ಕೈಗೆ ಸಿಕ್ರೆ ನನ್ನ ಮಗು ಹೋಯ್ತು."

ಗೋಡೆಗೂ ಕಿವಿ ಇರುತ್ತದೆ ಎನ್ನುವುದು ಹಳೆಯ ಮಾತು. ಈಗಿನ ಗೋಡೆಗೆ ಕಣ್ಣೂ ಇರುತ್ತದೆ. ತಮ್ಮನಿಗೆ ಅದು ಗೊತ್ತಿರಬೇಕಿತ್ತು. ನಾಲ್ಕಾರು ಕಚೇರಿಗಳ ಇಂಟರ್ನೆಟ್ ನೋಡಿಕೊಳ್ಳುವುದೇ ಅವನ ಹೊಟ್ಟೆಪಾಡು. ಕಿಟಕಿಯ ಪಕ್ಕ ಮಿನುಗುತ್ತಿದ್ದ ರೌಟರ್ ನೋಡಿದ ಕೂಡಲೇ ಅವನು ಹಣೆ ಚಚ್ಚಿಕೊಂಡ.

"ಇದು ಆ ಮನೇದಲ್ವಾ?"

"ಹೂಂ. ನಾನು ಹೊಲಿದ ಕಾಸಲ್ಲಿ ತಂದಿದ್ದು. ಹೊಲಿಗೆ ಮಷೀನು, ಇಸ್ತ್ರಿ ಪೆಟ್ಟಿಗೆ, ಇದು, ಗೋಡೆ ಗಡಿಯಾರ, ಮಗು ಟ್ಯಾಬು, ನಮ್ಮಿಬ್ಬರ ಬಟ್ಟೆ, ಇಷ್ಟೇ ಹೊತ್ಕೊಂಡು ಬಂದಿದ್ದು. ಯಾಕೆ ಬಿಟ್ಟು ಬರ್ಲಿ?"

ಮನೆ ಬದಲಾದರೂ ಪಾಸ್‌ವರ್ಡ್ ಬದಲಾಗಿರಲಿಲ್ಲ. ತಮ್ಮ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದ. ಎಲ್ಲಿ ಬೇಕಾದರೂ ಕೂತು ಈ ರೌಟರ್ ಒಳಗೆ ಕೈಯಾಡಿಸುವ ಸೌಲಭ್ಯ ಚಾಲೂ ಇತ್ತು. ಯಾರು ಚಾಲೂ ಮಾಡಿದ್ದರೆಂದು ಕೇಳಬೇಕೇ? ಅವನು ಅದನ್ನು ನಿಲ್ಲಿಸಿದ, ಆ ಪುಟದ ಪಾಸ್‌ವರ್ಡ್ ಬದಲಾಯಿಸಿದ, ಹೊರಗಿನಿಂದ ಬರುವ ದಾರಿಗಳನ್ನೆಲ್ಲ ಫೈರ್‌ವಾಲ್‌ನಲ್ಲಿ ಮುಚ್ಚಿದ. ಆಮೇಲೆ ಸಾಧನಗಳ ಪಟ್ಟಿ ತೆಗೆದ. ಅಕ್ಕನ ಫೋನು, ಮಗುವಿನ ಟ್ಯಾಬು, ಮನೆ ಮಾಲೀಕರು ಬಿಟ್ಟಿದ್ದ ಟಿವಿ, ತನ್ನ ಲ್ಯಾಪ್‌ಟಾಪು. ಐದನೆಯದೊಂದಿತ್ತು. ಅದಕ್ಕೆ ಹೆಸರಿರಲಿಲ್ಲ.

ಹೆಸರಿಲ್ಲದ್ದು ಕಂಡರೆ ಏನು ಮಾಡಬೇಕೆಂದು ಅವನಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಹುಡುಕುತ್ತ ಅಲೆಯಬೇಡ, ಮುಚ್ಚಿಬಿಡು. ಯಾರು ಕೂಗುತ್ತಾರೋ ಅದು ಅವರದ್ದು. ಒಮ್ಮೆ ಹೀಗೆ ಮುಚ್ಚಿದಾಗ ಮ್ಯಾನೇಜರ್ ಸಾಹೇಬರೇ ಕೂಗಿಕೊಂಡು ಬಂದಿದ್ದರು. ಅವರು ದಿನವಿಡೀ ಕಚೇರಿಯ ನೆಟ್ಟಿನಲ್ಲಿ ಇಸ್ಪೀಟು ಆಡುತ್ತಿದ್ದುದು ಆವತ್ತೇ ಬಯಲಾಯಿತು. ತಮ್ಮ ಈ ಕತೆ ಹೇಳಿದಾಗ ಅಕ್ಕ ಮೂರು ವಾರದಲ್ಲಿ ಮೊದಲ ಸಲ ನಕ್ಕಳು.

"ಪಕ್ಕದ ಮನೆಯವರು ನಿನ್ನ ನೆಟ್ ಕದಿತಿದಾರೆ, ಅಷ್ಟೇ. ನೋಡ್ತಿರು, ಈಗ ಬರ್ತಾರೆ," ಎಂದು ತಮ್ಮ ನಾಲ್ಕು ಸಾಧನಗಳಿಗೆ ಮಾತ್ರ ಅನುಮತಿ ಕೊಟ್ಟು, ಐದನೆಯದನ್ನು ಮುಚ್ಚಿದ.

ಅಕ್ಕ ಗಿರಾಕಿಯ ಅಂಗಿಗೆ ಇಸ್ತ್ರಿ ಹಾಕಲು ನಿಂತಳು. ಅರ್ಧ ಗಂಟೆಯೂ ಆಗಿರಲಿಲ್ಲ, ಯಾರೋ ಬಾಗಿಲು ಬಡಿದರು.

"ಬಂದ್ರು ನೋಡು ಕಳ್ಳರು!" ತಮ್ಮ ನಗುತ್ತಲೇ ಎದ್ದು ಹೋಗಿ ಚಿಲಕ ತೆಗೆದ.

ಹೊರಗೆ ಭಾವ ನಿಂತಿದ್ದ. ಕೈಯಲ್ಲಿ ಕಾರಿನ ಜಾಕಿ ರಾಡು. ತಮ್ಮನ ಬಾಯಲ್ಲಿ ಅಭ್ಯಾಸಬಲದಿಂದ "ಬನ್ನಿ ಭಾವ" ಎಂಬ ಮಾತು ಅರ್ಧ ಬರುವಷ್ಟರಲ್ಲಿ ರಾಡು ಅವನ ಮುಂಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಎರಡನೆಯ ಏಟು ಪಕ್ಕೆಗೆ. ಅವನು ಗೋಡೆಗೆ ಒರಗಿ ಜಾರಿದ.

ಭಾವ ಹೆಂಡತಿಯ ಕಡೆ ನೋಡಲಿಲ್ಲ. ಮೊದಲು ಗೋಡೆ ಗಡಿಯಾರದ ಕಡೆ ಕತ್ತೆತ್ತಿ ನೋಡಿದ.

"ಯಾರೇ ಆಫ್ ಮಾಡಿದ್ದು?"

ತಮ್ಮನಿಗೆ ಎಲ್ಲ ಅರ್ಥವಾಯಿತು. ಆ ಹೆಸರಿಲ್ಲದ ಐದನೆಯದು ಗಡಿಯಾರದೊಳಗೆ ಅಡಗಿಸಿಟ್ಟ ಕ್ಯಾಮೆರಾ. ಕೆಟ್ಟ ಮೇಲೆ ಬಂದ ಬುದ್ಧಿ! ನೋಡಲು ಸಿಗುತ್ತಿದ್ದಷ್ಟು ದಿನ ಈ ಮನುಷ್ಯ ತನ್ನ ಮನೆಯಲ್ಲೇ ಕೂತಿದ್ದ. ಕಣ್ಣು ಮುಚ್ಚಿಸಿದ್ದೇ ತಡ, ಇಲ್ಲಿಗೇ ಓಡಿ ಬಂದಿದ್ದ. ಅವನನ್ನು ಕರೆಸಿದ್ದು ತಾನೇ, ಚಿಲಕ ತೆಗೆದದ್ದೂ ತಾನೇ. ಮೈ ನೋವಿಗಿಂತ ಆ ನಾಚಿಕೆ ಅವನನ್ನು ಹೆಚ್ಚು ಸುಟ್ಟಿತು.

"ನನ್ನ ಕಣ್ಣು ತಪ್ಪಿಸಿ ಯಾರ ಜೊತೆ ಇರ್ಬೇಕು ಅಂತಿದೀಯ? ಹೇಳು!" ಭಾವ ಅಕ್ಕನ ಜುಟ್ಟು ಹಿಡಿದು ಅವಳ ತಲೆಯನ್ನು ಗೋಡೆಗೆ ಬಡಿದ. ಇನ್ನೊಂದು ಸಲ ಬಡಿದ. ಗೋಡೆಯ ಮೇಲೆ ರಕ್ತ ಮೂಡಿತು. ತಮ್ಮ ತೆವಳಿಕೊಂಡು ಹೋಗಿ ಅವನ ಕಾಲು ಕಚ್ಚಿದ, ನಾಯಿಯ ಹಾಗೆ, ಹಲ್ಲು ಇಳಿಯುವಷ್ಟು. ಭಾವ ಚೀರಿ, ಅವನ ಬೆನ್ನಿಗೆ ರಾಡು ಎತ್ತಿದ.

ಆ ರಾಡು ಕೆಳಗೆ ಬರಲಿಲ್ಲ. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ವಯರು ಕಿತ್ತು ಬರುವಂತೆ ಎಳೆದು ಅವನ ಕೆನ್ನೆಗೆ ಒತ್ತಿದ್ದಳು. ಚರ್ಮ ಸುಟ್ಟ ವಾಸನೆ ಕೋಣೆ ತುಂಬಿತು. ಅವನು ಮುಖ ಮುಚ್ಚಿಕೊಂಡು ಕುಸಿದಾಗ ಅವಳು ಪೆಟ್ಟಿಗೆಯ ಅಂಚಿನಿಂದ ತಲೆಗೆ ಹೊಡೆದಳು. ಭುಜಕ್ಕೆ ಹೊಡೆದಳು. ಅಡ್ಡ ಬಂದ ಬೆರಳುಗಳಿಗೆ ಹೊಡೆದಳು. ಎಂಟು ವರ್ಷದ ಏಟುಗಳನ್ನು ಬಡ್ಡಿ ಸಮೇತ ತೀರಿಸುತ್ತಿದ್ದಳು, ಮತ್ತು ಅವಳ ಬಾಯಿಂದ ಒಂದು ಸದ್ದೂ ಬರುತ್ತಿರಲಿಲ್ಲ. ತಮ್ಮನಿಗೆ ಭಾವನಿಗಿಂತ ಈ ಅಕ್ಕನನ್ನು ಕಂಡೇ ಹೆಚ್ಚು ಭಯವಾಯಿತು.

"ಸಾಕು ಅಕ್ಕಾ! ಸತ್ತು ಹೋಗ್ತಾನೆ!"

"ಸಾಯ್ಲಿ."

"ಇವನು ಸತ್ರೆ ನೀನು ಜೈಲಿಗೆ. ಆಗ ಮಗು ಯಾರ ಹತ್ರ ಹೋಗುತ್ತೆ? ಇವನ ಅಮ್ಮನ ಹತ್ರ! ಕೇಳಿಸ್ತಾ?"

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ನೆಲದಲ್ಲಿ ಬಿದ್ದವನ ಮೂಗಿನಲ್ಲಿ ರಕ್ತದ ಗುಳ್ಳೆ ಉಬ್ಬಿ ಒಡೆಯಿತು; ಉಸಿರಿತ್ತು. ತಮ್ಮ ಮುರಿದ ಕೈಯನ್ನು ಎದೆಗವಚಿಕೊಂಡು, ಜಾಕಿ ರಾಡನ್ನು ಮಂಚದ ಕೆಳಗೆ ಒದ್ದು, ಹೋಗಿ ಅವನ ಕಾಲ ಮೇಲೆ ಕೂತ. ಸ್ಕೂಲು ಬಿಡಲು ಇನ್ನು ಒಂದು ಗಂಟೆ ಮಾತ್ರ ಉಳಿದಿತ್ತು.

ಅಕ್ಕ ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದುಕೊಂಡೇ ಇನ್ನೊಂದರಲ್ಲಿ ಪೊಲೀಸರಿಗೆ ಫೋನ್ ಮಾಡಿದಳು. ವಿಳಾಸ ಹೇಳಿದಳು. ಗಂಡ ಮನೆಗೆ ನುಗ್ಗಿ ಹೊಡೆದ, ನಾನೂ ಹೊಡೆದೆ ಎಂದಳು. ಆ ಕಡೆಯವರು ಏನೋ ಕೇಳಿದರು.

"ಇಲ್ಲ, ಇನ್ನೂ ಬದುಕಿದಾನೆ," ಎಂದಳು ಅಕ್ಕ, ಅವನ ತಲೆಯಿಂದ ಕಣ್ಣು ತೆಗೆಯದೆ. "ಬೇಗ ಬನ್ನಿ. ನನಗೆ ನನ್ನ ಮೇಲೆ ನಂಬಿಕೆ ಇಲ್ಲ."