ದಲ್ಲಾಳಿಗಳು ಬಾಯಿ ಬಿಟ್ಟ ದಿನ

ಬೆಳಿಗ್ಗೆ ಶಟರ್ ಎತ್ತುವಾಗಲೇ ಸೊಸೆಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎರಡು ವರ್ಷ ಊಟ ನಿದ್ದೆ ಮರೆತು ಕಟ್ಟಿದ್ದು ಇಂದು ಹೊರಗಿನವರ ಕಣ್ಣೆದುರು ಓಡಬೇಕಿತ್ತು. ಓಡಿದರೆ ಸರಿ. ಓಡದಿದ್ದರೆ ಏನೆಂದು ಅತ್ತೆ ಹಿಂದಿನ ದಿನವೇ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದರು. "ನಾಳೆ ಸಂಜೆಯೊಳಗೆ ಮಾಲು ಕೈಗೆ ಬರ್ಲಿಲ್ಲ ಅಂದ್ರೆ ನಿನ್ನ ಡಬ್ಬಗಳನ್ನೆಲ್ಲ ನೀನೇ ಬಿಚ್ಚಿ ಮನೆಗೆ ತಗೊಂಡ್ಹೋಗು. ನಾವು ನಮ್ಮ ಕೀಲು ಮಾಡ್ಕೊಂಡು ಇರ್ತೀವಿ."

ಕಾರ್ಖಾನೆ ಅತ್ತೆಯದು. ಕಾರ್ಖಾನೆ ಎಂದರೆ ಬಹಳ ದೊಡ್ಡದೇನಲ್ಲ. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಒಂದೇ ಹಜಾರದಲ್ಲಿ ಲೇತು, ಮಿಲ್ಲಿಂಗು, ಡ್ರಿಲ್ಲು, ಕೊಳವೆ ಬಗ್ಗಿಸುವ ಯಂತ್ರ, ಮೂಲೆಯಲ್ಲಿ ಬೆಸುಗೆ. ಇಷ್ಟು ಕಾಲ ಅಲ್ಲಿ ತಯಾರಾಗಿದ್ದು ಬಾಗಿಲಿನ ಕೀಲು. ಒಂದೇ ಅಳತೆ, ಒಂದೇ ಆಕಾರ, ಸಾವಿರಗಟ್ಟಲೆ. ಅತ್ತೆಯ ಮಗನಿಗೆ ಕಬ್ಬಿಣ ಕಂಡರಾಗದು, ಬ್ಯಾಂಕಿನಲ್ಲಿ ತಣ್ಣಗೆ ಕೂತಿದ್ದಾನೆ. ಕಬ್ಬಿಣದ ಹುಚ್ಚು ಹಿಡಿದಿದ್ದು ಸೊಸೆಗೆ.

ಅವಳು ಮಾಡಿದ್ದೇನು ಗೊತ್ತೇ? ಪ್ರತಿ ಯಂತ್ರದ ಪಕ್ಕ ಒಂದು ಪುಟ್ಟ ಡಬ್ಬ ಕೂರಿಸಿ, ಅದರೊಳಗೆ ಆ ಯಂತ್ರದ ಪರವಾಗಿ ಮಾತಾಡುವ ಒಂದು ಪ್ರೋಗ್ರಾಮ್ ಇಟ್ಟಳು. ಓದಿದವರು ಅದನ್ನು ಏಜೆಂಟ್ ಎನ್ನುತ್ತಾರೆ. ಕೆಲಸಗಾರರು ಮೊದಲ ದಿನವೇ ದಲ್ಲಾಳಿ ಎಂದು ಹೆಸರಿಟ್ಟರು. ಮಾಡಬೇಕಾದ ಪ್ರತಿ ತುಂಡಿಗೂ ಒಬ್ಬ ದಲ್ಲಾಳಿ ಉಂಟು. ಅವನು ಕೂಗುತ್ತಾನೆ, ನನಗೆ ಇಷ್ಟು ಅಗಲದ ತೂತು ಬೇಕು, ಯಾರು ಕೊರೆಯುತ್ತೀರಿ, ಎಷ್ಟು ಹೊತ್ತಿಗೆ? ಯಂತ್ರಗಳ ದಲ್ಲಾಳಿಗಳು ನಾನು ತಾನು ಎಂದು ಪೈಪೋಟಿಗೆ ಇಳಿಯುತ್ತಾರೆ. ಬೇಗ ಮುಗಿಸುವವನಿಗೆ ಕೆಲಸ. ಮೇಲೆ ಕೂತು ಅಪ್ಪಣೆ ಕೊಡುವವರು ಯಾರೂ ಇಲ್ಲ. ಅಳತೆ ಬದಲಾದರೆ ಮತ್ತೆ ಕೂಗು, ಯಂತ್ರ ಕೆಟ್ಟರೆ ಉಳಿದವರೊಳಗೆ ಮತ್ತೆ ಹಂಚಿಕೆ. ಸಂತೆಯೇ ಸರಿ, ಗದ್ದಲವೆಲ್ಲ ತಂತಿಯ ಒಳಗೆ.

ಹತ್ತರ ಹೊತ್ತಿಗೆ ಡಾಕ್ಟರಮ್ಮ ಬಂದರು. ನಡೆಯಲು ಕಷ್ಟಪಡುವ ಮಕ್ಕಳ ಚಿಕಿತ್ಸಾ ಕೇಂದ್ರದವರು. ಆ ಮಕ್ಕಳ ಕಾಲಿಗೆ ಆಸರೆಯಾಗಿ ಕಟ್ಟುವ ಲೋಹದ ಕ್ಯಾಲಿಪರ್ ಅವರಿಗೆ ಬೇಕಿತ್ತು. ಒಂದು ಮಗುವಿನ ಅಳತೆ ಇನ್ನೊಂದಕ್ಕೆ ಆಗದು. ಕೆಲವರಿಗೆ ಎಡಗಾಲಿನದು ಬಲಗಾಲಿಗೂ ಆಗದು.

"ದೊಡ್ಡ ಫ್ಯಾಕ್ಟರಿಯವರು ಮೂರೇ ಮೂರು ಸೈಜ್ ಮಾಡಿ ಕೈ ತೊಳ್ಕೋತಾರೆ. ಉಳಿದಿದ್ದಕ್ಕೆ ಹತ್ತಿ ತುರುಕಿ ಅಂತಾರೆ. ನಾಳೆ ಬೆಳಿಗ್ಗೆ ಮಕ್ಕಳೆಲ್ಲ ಬರ್ತಾರೆ. ಸಂಜೆ ಗಾಡಿ ಹೊರಡೋ ಹೊತ್ತಿಗೆ ಆಗುತ್ತಾ?"

"ಆಗುತ್ತೆ!" ಎಂದಳು ಸೊಸೆ. ಅತ್ತೆ ಕೆಮ್ಮಿದರು.

ಅಳತೆಗಳನ್ನು ಒಳಗೆ ಹಾಕಿ ಸೊಸೆ ಗುಂಡಿ ಒತ್ತಿದಳು. ಗೋಡೆಯ ದೊಡ್ಡ ಪರದೆಯ ಮೇಲೆ ತುಂಡುಗಳ ಕೂಗು ಒಂದರ ಹಿಂದೊಂದು ಮೂಡಿತು. ಯಾರು ಮಾಡ್ತೀರಿ? ಯಾರು ಮಾಡ್ತೀರಿ? ಯಂತ್ರಗಳ ದಲ್ಲಾಳಿಗಳು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆಮೇಲೆ ಸಾಲಾಗಿ ಉತ್ತರ ಬಂತು. ಲೇತು: ಸಂಜೆಯೊಳಗೆ ಆಗದು. ಡ್ರಿಲ್ಲು: ಆಗದು. ಬೆಸುಗೆ: ಆಗದು. ಪರದೆ ಪೂರ್ತಿ ಕೆಂಪು. ಇಡೀ ಹಜಾರದಲ್ಲಿ ಒಂದು ಯಂತ್ರವೂ ಮಿಸುಕಲಿಲ್ಲ.

ಡಾಕ್ಟರಮ್ಮ ಗಡಿಯಾರ ನೋಡಿದರು. ಅತ್ತೆ ಸೊಸೆಯನ್ನು ನೋಡಿದರು. ಸೊಸೆ ಪರದೆಯ ಸಾಲುಗಳನ್ನು ಮೇಲಿಂದ ಕೆಳಗೆ ಓದಿದಳು. ಕಳೆದ ವಾರ ಪರೀಕ್ಷೆಗೆ ಓಡಿಸಿದಾಗ ಹೂವೆತ್ತಿದ ಹಾಗೆ ನಡೆದಿತ್ತಲ್ಲ! ಆಗ ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಅವಳೇ ಅಂದಾಜಿನಲ್ಲಿ ತುಂಬಿದ್ದಳು. ಇಂದು ಮೊದಲ ಬಾರಿ ಆಯಾ ಯಂತ್ರದವರೇ ತಮ್ಮ ತಮ್ಮ ಹೊತ್ತು ತುಂಬಿದ್ದರು. ದಲ್ಲಾಳಿ ಪಾಪದವನು, ಯಜಮಾನ ಹೇಳಿದ್ದನ್ನೇ ನಂಬುತ್ತಾನೆ.

"ಲೇತಿನಣ್ಣಾ, ಒಂದು ತುಂಡು ಮಾಡಿ ತೋರ್ಸಿ," ಎಂದಳು.

ಲೇತಿನಣ್ಣ ಅಲ್ಲಿನ ಹಳೆಯ ಹುಲಿ. ಸರಳು ಕಚ್ಚಿಸಿ, ಉಳಿ ಹೊಂದಿಸಿ, ಸುರುಳಿ ಸುರುಳಿ ಚೂರು ಹಾರಿಸುತ್ತ ಕಣ್ಣು ಮಿಟುಕಿಸುವುದರೊಳಗೆ ತುಂಡು ಮುಗಿಸಿದ. ಆಮೇಲೆ ಬಟ್ಟೆ ತೆಗೆದುಕೊಂಡು ಲೇತು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ, ಬೆಳಗಿದ್ದನ್ನೇ ಬೆಳಗಿದ. ಅವನು ಕೊಟ್ಟಿದ್ದ ಹೊತ್ತು ಇನ್ನೂ ಅರ್ಧ ಉಳಿದಿತ್ತು.

ಸೊಸೆಗೆ ತಲೆಯಲ್ಲಿ ದೀಪ ಹತ್ತಿತು. ಈ ಕಾರ್ಖಾನೆಯ ಯಂತ್ರಗಳು ಥಳಥಳ ಹೊಳೆಯುತ್ತವೆಂದು ಬಂದವರೆಲ್ಲ ಹೊಗಳುತ್ತಿದ್ದರು. ಹೊಳೆಯದೆ ಏನು ಮಾಡಿಯಾವು!

"ಅಣ್ಣಾ, ಹೇಳಿದ್ದಕ್ಕಿಂತ ಅರ್ಧ ಹೊತ್ತಲ್ಲೇ ಮುಗೀತಲ್ಲ?"

"ಮತ್ತೆ? ಕೈಯಲ್ಲಿ ಸ್ವಲ್ಪ ಇಟ್ಕೊಂಡೇ ಹೇಳ್ಬೇಕಲ್ವಾ," ಎಂದ ಅವನು. ಧ್ವನಿ ತಗ್ಗಿಸಿ ಅತ್ತೆಯ ಕಡೆ ಕಣ್ಣು ಹಾಯಿಸಿದ. "ತಡ ಆದ್ರೆ ಯಾರು ಉಗಿಸ್ಕೊಳ್ಳೋರು?"

ಇಲ್ಲಿ ಕೆಲಸಕ್ಕೆ ಸೇರಿದವರೆಲ್ಲ ಮೊದಲು ಕಲಿಯುತ್ತಿದ್ದ ವಿದ್ಯೆ ಇದು. ಹೇಳಿದ ಹೊತ್ತಿಗೆ ಮುಗಿಸದವನನ್ನು ಅತ್ತೆ ಹಜಾರದ ನಡುವೆ ನಿಲ್ಲಿಸಿ ಎಲ್ಲರೆದುರು ನೀರಿಳಿಸುತ್ತಿದ್ದರು. ಹಾಗಾಗಿ ಎಲ್ಲರೂ ಒಂದಕ್ಕೆ ಎರಡು ಹೇಳುತ್ತಿದ್ದರು. ಅತ್ತೆಯೇನು ಕಡಿಮೆಯೇ? ಗುರುವಾರ ಬೇಕಾದ ಮಾಲನ್ನು ಮಂಗಳವಾರ ಬೇಕು ಎನ್ನುತ್ತಿದ್ದರು. ಇವರ ಸುಳ್ಳಿಗೂ ಅವರ ಸುಳ್ಳಿಗೂ ಸರಿಹೋಗಿ ಇಷ್ಟು ವರ್ಷ ಕಾರ್ಖಾನೆ ಸುಸೂತ್ರವಾಗಿ ನಡೆದಿತ್ತು. ದಲ್ಲಾಳಿಗಳಿಗೆ ಮಾತ್ರ ಈ ಒಳಮರ್ಮವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಸೊಸೆ ನೇರ ಅತ್ತೆಯ ಮುಂದೆ ನಿಂತಳು. ಧೈರ್ಯ ಎಲ್ಲಿಂದ ಬಂತೋ.

"ಅತ್ತೆ, ಡಬ್ಬಗಳದ್ದೇನೂ ತಪ್ಪಿಲ್ಲ. ನಿಮಗೆ ಹೆದರಿ ಎಲ್ರೂ ಅದಕ್ಕೆ ಸುಳ್ಳು ಹೊತ್ತು ತುಂಬಿದಾರೆ."

"ನನ್ನಿಂದಾನಾ?"

"ನಿಮ್ಮಿಂದಾನೇ."

ಅತ್ತೆಯ ಮುಖ ಕೆಂಪಗಾಯಿತು, ಮೂಗಿನ ಹೊಳ್ಳೆ ಅರಳಿತು. ಬಿತ್ತು ಬಾಂಬು ಎಂದು ಎಲ್ಲರೂ ಕುತ್ತಿಗೆ ಒಳಗೆಳೆದುಕೊಂಡರು. ಅತ್ತೆ ಹಜಾರದ ನಡುವೆ ಹೋಗಿ ಸೊಂಟಕ್ಕೆ ಕೈಯಿಟ್ಟು ಗುಡುಗಿದರು: "ಇವತ್ತು ಯಾರು ತಡ ಮಾಡಿದ್ರೂ ನಾನು ಬಯ್ಯಲ್ಲ! ತಿಳೀತಾ?"

ಬೈಯುವ ಧ್ವನಿಯಲ್ಲೇ ಬಯ್ಯಲ್ಲ ಎಂದರೆ ನಂಬುವವರು ಯಾರು? ಒಬ್ಬರೂ ಡಬ್ಬದ ಹತ್ತಿರ ಸುಳಿಯಲಿಲ್ಲ.

ಅತ್ತೆ ಎಲ್ಲರ ಮುಖ ನೋಡಿದರು. ಒಂದೊಂದೇ ಮುಖ. ಇವರೆಲ್ಲ ತನಗೆ ಇಷ್ಟು ಹೆದರುತ್ತಾರೆಂದು ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಮುಖ ಸಪ್ಪಗಾಯಿತು. ಸೊಸೆಗೆ ಅಯ್ಯೋ ಅನಿಸಿತು.

ಮರುಕ್ಷಣ ಅತ್ತೆ ತೋಳೇರಿಸಿ ಡ್ರಿಲ್ಲಿನವನನ್ನು ಪಕ್ಕಕ್ಕೆ ಸರಿಸಿದರು. "ಬಿಡು, ಇದು ನಾನು ತಿರುಗಿಸಿದ ಯಂತ್ರಾನೇ." ಡಬ್ಬದಲ್ಲಿ ಹೊತ್ತು ತುಂಬಿದರು. ಸಣ್ಣ ಹೊತ್ತು, ಬಹಳ ಸಣ್ಣದು. ತಕ್ಷಣ ಡ್ರಿಲ್ಲಿನ ದಲ್ಲಾಳಿ ಬಾಯಿ ಬಿಟ್ಟ: ನಾನು ಮಾಡ್ತೀನಿ. ಪರದೆಯ ಮೇಲೆ ಮೊದಲ ಹಸಿರು ಮೂಡಿತು. ಸೊಸೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

ಅತ್ತೆ ಕೊರೆದರು. ಒಂದು ತೂತು ಚೆನ್ನಾಗಿ ಬಂತು. ಎರಡನೆಯದರಲ್ಲಿ ಕೊರೆಯುವ ಕಡ್ಡಿ ಟಕ್ಕೆಂದು ಮುರಿಯಿತು. ಹೊಸದು ಸಿಕ್ಕಿಸುವಾಗ ಅದನ್ನು ಬಿಗಿಸುವ ಕೀಲಿ ಜಾರಿತು. ಪರದೆಯಲ್ಲಿ ಅವರ ಸಾಲು ಹಳದಿಗೆ ತಿರುಗಿತು. ತಡ.

ಅಷ್ಟರಲ್ಲಿ ಮಿಲ್ಲಿಂಗ್ ಯಂತ್ರದ ಬಳಿ ಠಣ್ ಎಂದಿತು.

"ಅರೆ, ಅಮ್ಮನ ತೂತು ನನಗೆ ಬಂತು!" ಎಂದು ಕೂಗಿದ ಅಲ್ಲಿದ್ದ ಮೀಸೆಯವನು. ಅತ್ತೆಯ ದಲ್ಲಾಳಿ ಯಾರನ್ನೂ ಕಾಯದೆ ಉಳಿದ ಕೆಲಸವನ್ನು ಅವನ ದಲ್ಲಾಳಿಗೆ ದಾಟಿಸಿದ್ದ. ಪರದೆ ಮತ್ತೆ ಹಸಿರು. ಯಾರಿಗೂ ಅವಮಾನವಾಗಲಿಲ್ಲ, ಯಾವ ಕೆಲಸವೂ ನಿಲ್ಲಲಿಲ್ಲ.

ಅತ್ತೆ ಹಣೆಯ ಬೆವರು ಒರೆಸಿಕೊಂಡರು. "ತಡ ಆಯ್ತು ನಂದು. ಆಮೇಲೆ? ಆಕಾಶ ಏನಾದ್ರೂ ಕಳಚಿ ಬಿತ್ತಾ?" ಎಂದು ಗಹಗಹಿಸಿ ನಕ್ಕರು. ಎಷ್ಟೋ ಜನ ಅವರ ಹಲ್ಲು ಕಂಡಿದ್ದೇ ಅದು ಮೊದಲು.

ಆಗ ನೋಡಬೇಕಿತ್ತು! ಬಿದ್ದೆವೋ ಎದ್ದೆವೋ ಎಂದು ಎಲ್ಲರೂ ತಂತಮ್ಮ ಡಬ್ಬಕ್ಕೆ ಓಡಿದರು. "ನಂದು ಅರ್ಧ ಮಾಡು!" "ನಂದು ಅದಕ್ಕಿಂತ ಕಡಿಮೆ!" ದಲ್ಲಾಳಿಗಳು ನಾ ಮುಂದು ತಾ ಮುಂದು ಎಂದು ಬಾಯಿ ಬಿಟ್ಟರು. ಲೇತು ಗುಂಯ್ಗುಟ್ಟಿತು, ಬೆಸುಗೆಯಕ್ಕ ಮುಖವಾಡ ಇಳಿಸಿದಳು, ಕಿಡಿ ಹಾರಿತು, ಕೊಳವೆಗಳು ಪುಟ್ಟ ಪುಟ್ಟ ಕಾಲುಗಳ ಅಳತೆಗೆ ಬಾಗಿದವು. ನಡುವೆ ಡಾಕ್ಟರಮ್ಮನಿಗೆ ಕೇಂದ್ರದಿಂದ ಫೋನು ಬಂತು. ಒಬ್ಬ ಹುಡುಗಿಯ ಅಳತೆ ತಪ್ಪಾಗಿದೆಯಂತೆ, ಹೊಸದು ಹೀಗಂತೆ. ಮೊದಲಾಗಿದ್ದರೆ ಇಡೀ ಹಜಾರ ತಲೆಯ ಮೇಲೆ ಕೈ ಹೊತ್ತು ಕೂರುತ್ತಿತ್ತು. ಸೊಸೆ ಅಂಕಿ ಬದಲಿಸಿದಳು, ತುಂಡು ಮತ್ತೆ ಕೂಗಿತು, ಮೂರು ದಲ್ಲಾಳಿಗಳು ಒಟ್ಟಿಗೆ ಮೇಲೆ ಬಿದ್ದರು. ಮುಗೀತು ಕಥೆ.

ಮಧ್ಯಾಹ್ನದ ಮೇಲೆ ಲೇತಿನಣ್ಣ ಕೈ ಎತ್ತಿ, ಬಹುಮಾನ ಬಂದವನ ಹಾಗೆ ಕೂಗಿದ: "ಅಮ್ಮಾ, ನಾನು ತಡ!"

ಅಭ್ಯಾಸಬಲದಿಂದ ಅತ್ತೆಯ ಬಾಯಿ ತೆರೆಯಿತು. ಎಲ್ಲರೂ ತಿರುಗಿದರು.

"ಅದನ್ನ ನಿನ್ನ ದಲ್ಲಾಳಿ ಆಗಲೇ ಹೇಳಿದಾನೆ. ನಿನ್ನ ತೂತುಗಳನ್ನ ನಾನೇ ಕೊರೀತಿದೀನಿ, ಮಧ್ಯೆ ಮಾತಾಡಿಸ್ಬೇಡ!"

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಜೊತೆಯೂ ಪೆಟ್ಟಿಗೆ ಸೇರಿತು. ಡಾಕ್ಟರಮ್ಮ ಒಂದನ್ನು ಕೈಯಲ್ಲಿ ಹಿಡಿದು, ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡಿದರು. ಆಮೇಲೆ ಕೇಳಿದರು, "ಇನ್ನೊಂದು ಊರಲ್ಲೂ ಮಕ್ಕಳಿದಾರೆ. ಅವರಿಗೂ ಇಷ್ಟೇ ಜೊತೆ ಬೇಕು. ಮುಂದಿನ ವಾರ ಯಾವತ್ತು ಕೊಡ್ತೀರಿ?"

ಸೊಸೆ ಪರದೆಯ ಕಡೆ ತಿರುಗುವಷ್ಟರಲ್ಲಿ ಅತ್ತೆ ಹಜಾರದ ಕಡೆ ತಿರುಗಿಯಾಗಿತ್ತು. "ಏನ್ರಪ್ಪಾ, ಯಾವತ್ತು ಕೊಡೋಣ?" ಇಷ್ಟು ವರ್ಷ ಆ ಬಾಯಿಂದ ದಿನ ಹೇಳಿಸಿಕೊಂಡವರೇ ಎಲ್ಲ. ಯಾವ ದಿನ ಎಂದು ಆ ಬಾಯಿ ಕೇಳಿದ್ದು ಇದೇ ಮೊದಲು. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬೆರಳು ಮಡಚಿದರು, ಪಿಸುಗುಟ್ಟಿದರು. ಕೊನೆಗೆ ಬೆಸುಗೆಯಕ್ಕ ಮುಖವಾಡ ಮೇಲೆತ್ತಿ, "ಬುಧವಾರ ಮಧ್ಯಾಹ್ನ," ಎಂದಳು.

ಸೊಸೆ ಅತ್ತೆಯನ್ನೇ ನೋಡಿದಳು.

"ಬುಧವಾರ ಮಧ್ಯಾಹ್ನ," ಎಂದರು ಅತ್ತೆ ಡಾಕ್ಟರಮ್ಮನಿಗೆ. ಒಂದು ದಿನ ಕೂಡಿಸಲಿಲ್ಲ, ಒಂದು ದಿನ ಕಳೆಯಲಿಲ್ಲ.